ನಮ್ಮ ಹುಣ್ಣಿಮೆ ತಪ್ಪಿಸಿದ ಕ್ಯಾಲೆಂಡರಿನವರಿಗೆ

ಮಾನ್ಯರೇ,

ದಿನಕ್ಕೊಂದು ಹಾಳೆ ಹರಿಯುವ ತಮ್ಮ 'ಸಿರಿದೀಪ' ಕ್ಯಾಲೆಂಡರಿನ ಹಿಂಬದಿಯಲ್ಲಿ 'ಸರಪಳಿ ಸಂಗತಿ' ಬರೆಯುವ ಪುಣ್ಯಾತ್ಮರಿಗೆ, ಬೀಳಗಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರದಿಂದ ಶಿವವ್ವ ಚನಮಲ್ಲಪ್ಪ ಮಾಡುವ ಶರಣು ಶರಣಾರ್ಥಿ. ತಾವು, ತಮ್ಮ ಮನೆಯವರು, ತಮ್ಮ ಅಚ್ಚಿನ ಯಂತ್ರ ಎಲ್ಲರೂ ಬಸವಣ್ಣನ ದಯೆಯಿಂದ ಕ್ಷೇಮವಾಗಿದ್ದೀರೆಂದು ನಂಬಿ, ನಮ್ಮ ಮನೆಯಲ್ಲಿ ಕ್ಷೇಮ ಕೆಟ್ಟ ಬಗೆಯನ್ನು ತಿಳಿಸುತ್ತೇನೆ. ನಾನು ಐದನೆಯ ಇಯತ್ತೆವರೆಗೆ ಊರ ಸಾಲಿ ಕಲಿತವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮ್ಮ ಹಾಳೆಯ ಮುಂಬದಿ ನನ್ನದು, ಹಿಂಬದಿ ನಮ್ಮ ಯಜಮಾನರದು. ನಾನು ಜಳಕ ಮಾಡಿ, ದೇವರಿಗೆ ವಿಭೂತಿ ಏರಿಸಿ, ಅಮಾವಾಸ್ಯೆ ಎಂದು, ಹುಣ್ಣಿಮೆ ಎಂದು ಎಂಬುದನ್ನು ಮುಂಬದಿಯಲ್ಲಿ ನೋಡಿಕೊಳ್ಳುವವಳು. ಅವರು ಚಹಾ ಕುಡಿಯುತ್ತ ಹಿಂಬದಿಯಲ್ಲಿ ಲೋಕ ತಿರುಗುವವರು. ತಮ್ಮ ಜಾಣತನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮುಧೋಳದ ರಾಜರು ಇಂಗ್ಲೆಂಡಿನ ರಾಜನಿಗೆ ನಮ್ಮ ಸೀಮೆಯ ನಾಯಿಗಳನ್ನು ಕಾಣಿಕೆ ಕೊಟ್ಟರು ಎಂದು ಒಂದು ದಿನ ಬರೆದಿರಿ; ಅದೇ ರಾಜ ದಿಲ್ಲಿ ದರ್ಬಾರಿಗೆ ಬಂದು ರಾಜಧಾನಿಯನ್ನೇ ಕಲಕತ್ತೆಯಿಂದ ಕಿತ್ತು ದಿಲ್ಲಿಯಲ್ಲಿ ಊರಿದ ಎಂದು ಮರುದಿನ; ಆ ದಿಲ್ಲಿಯಲ್ಲಿ ಮುಂದೆ ನಮ್ಮ ಜಮಖಂಡಿ ಕಡೆಯವರೊಬ್ಬರು ಕೆಲವು ತಿಂಗಳು ರಾಷ್ಟ್ರಪತಿಯ ಕೆಲಸ ನೋಡಿಕೊಂಡರು ಎಂದು ಮತ್ತೊಂದು ದಿನ. ಆ ದರ್ಬಾರನ್ನು ಬಣ್ಣದ ಸಿನಿಮಾ ತೆಗೆದರು ಎಂದು ಹೇಳಿ, ಅಲ್ಲಿಂದ ಕನ್ನಡದ ಮೊದಲ ಮಾತಾಡುವ ಸಿನಿಮಾಕ್ಕೆ ಜಿಗಿದು, ಅದರ ಒಂದು ಸುರುಳಿಯೂ ಇವತ್ತು ಉಳಿದಿಲ್ಲವೆಂದು ಕಣ್ಣೀರು ಹಾಕಿದಿರಿ. ನಾಯಿಯನ್ನು ಹಿಡಿದು ರಾಷ್ಟ್ರಪತಿಯವರೆಗೂ ಸಿನಿಮಾದವರೆಗೂ ಹೋಗಿಬಂದವರು ನಮ್ಮ ಮನೆಯ ಗೋಡೆಯ ಮೇಲಲ್ಲದೆ ಬೇರೆಲ್ಲೂ ಇರಲಿಕ್ಕಿಲ್ಲ.

ಆದರೆ ಪ್ರತಿ ಸಂಗತಿಯ ಕೊನೆಗೆ ಒಂದು ಪ್ರಶ್ನೆ ಕೇಳಿ, 'ಉತ್ತರ ನಾಳೆಯ ಹಾಳೆಯ ಹಿಂದೆ' ಎಂದು ಬರೆಯುತ್ತೀರಲ್ಲ, ನಮ್ಮ ಯಜಮಾನರಿಗೆ ನಾಳೆಯವರೆಗೆ ತಡೆಯುವ ಶಕ್ತಿಯನ್ನು ದೇವರು ಕೊಟ್ಟಿಲ್ಲ. ಪ್ರಶ್ನೆ ಬಲವಾಗಿ ಕಾಡಿದ ದಿನ, ಮುಂಜಾನೆ ಇವತ್ತಿನ ಹಾಳೆ ಹರಿದರೆ ಸಂಜೆಗೆ ನಾಳೆಯದೂ ಹೋಯಿತು. ಹೀಗೆ ಏಪ್ರಿಲಿನಲ್ಲಿ ನಮ್ಮ ಮನೆ ಊರಿಗಿಂತ ಎರಡು ದಿನ ಮುಂದೆ ಓಡುತ್ತಿತ್ತು. ಅದು ಗೊತ್ತಿಲ್ಲದೆ ನಾನು ಅಮಾವಾಸ್ಯೆಯ ಹೋಳಿಗೆ ಮಾಡಿ, ಗುಡಿಗೆ ಎಡೆ ಒಯ್ದೆ. ಅಲ್ಲಿ ಪೂಜೆ ಮಾಡುವ ಶಿವಯೋಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕವ್ವಾ ಶಿವವ್ವಾ, ಈ ಸಲ ಅಮಾಸಿ ನಿಮ್ಮ ಮನಿಗೆ ಮೊದಲ ಬಂದು ಆಮ್ಯಾಗ ಊರಾಗ ಬರೂದೈತೇನ?" ಎಂದರು. ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನಕ್ಕರು. ಮನೆಗೆ ಬಂದವಳೇ ಯಜಮಾನರೊಡನೆ ಮಾತು ಬಿಟ್ಟೆ.

ಇನ್ನು ನಿಜವಾದ ದೂರು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಊರು ಹೊಳೆಬನ್ನಿಹಾಳ. ಬೇಸಿಗೆಯಲ್ಲಿ ನೀರು ಇಳಿದಾಗ ದ್ಯಾಮವ್ವನ ಗುಡಿಯ ಕಟ್ಟೆ ಮೇಲೆ ಬರುತ್ತದೆ. ವೈಶಾಖದಲ್ಲಿ ಬರುವ ಆಗಿ ಹುಣ್ಣಿಮೆಯ ದಿನ, ಒಂದೊಂದು ಕಡೆ ಚದುರಿದ ಊರವರು ಅಲ್ಲಿ ಸೇರಿ ಅವ್ವನ ಉಡಿ ತುಂಬುತ್ತೇವೆ. ಒಬ್ಬಳೇ ತುಂಬುವಂತಿಲ್ಲ, ನೆರೆಮನೆಯವಳ ಕೈ ಕೂಡಬೇಕು ಎಂಬುದು ನಮ್ಮೂರ ಪದ್ಧತಿ. ನನ್ನ ನೆರೆಯವಳು ಪದ್ಮವ್ವ. ಎರಡೂ ಮನೆಗೆ ನಡುವೆ ಒಂದೇ ಗೋಡೆ ಇತ್ತು. ಈಗ ಅವಳು ಬನಹಟ್ಟಿಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾಳೆ. ಬನಹಟ್ಟಿಯೇನು ಪರದೇಶವಲ್ಲ, ಬಸ್ಸಿದೆ. ಅವಳಿಗೆ ಮಗ್ಗ, ನನಗೆ ಎಮ್ಮೆ ಸೂಟಿ ಕೊಡುವುದಿಲ್ಲ. ವರ್ಷಕ್ಕೆ ಆ ಒಂದು ದಿನ ನಾವು ಮುಖ ನೋಡುತ್ತೇವೆ.

ಈ ಸಲ ಮೋಸ ಹೋಗಬಾರದೆಂದು ಮನಸ್ಸಿನಲ್ಲೇ ಎರಡು ದಿನ ಕಳೆದು ನಡೆದೆ: ಗೋಡೆ ಹದಿನೈದು ಎಂದರೆ ನನಗೆ ಹದಿಮೂರು. ಹುಣ್ಣಿಮೆಯ ಹಾಳೆ ಮೇಲೆ ಬಂದ ಕೂಡಲೇ, ಯಜಮಾನರ ಕೈಗೆ ಸಿಗುವ ಮೊದಲೇ, ಅವ್ವನ ಕುಂಕುಮ ಕಟ್ಟಲೆಂದು ಹರಿದು ಟ್ರಂಕಿನಲ್ಲಿಟ್ಟು, ಹುಣ್ಣಿಮೆಗೆ ಇನ್ನೂ ಎರಡು ದಿನ ಇದೆಯೆಂದು ಕಾದೆ. ಅತ್ತ ಯಜಮಾನರು ಅಮಾವಾಸ್ಯೆಯ ಮಾನಭಂಗಕ್ಕೆ ಮನಸ್ಸು ಕರಗಿ, ಎರಡು ದಿನ ಹಾಳೆ ಮುಟ್ಟದೆ ಕ್ಯಾಲೆಂಡರನ್ನು ಊರಿನ ಸಮಕ್ಕೆ ತಂದಿದ್ದರು. ನಾನು ಮಾತು ಬಿಟ್ಟಿದ್ದೆ, ಅವರು ಹೇಳಲಿಲ್ಲ. ಶಿವಯೋಗಿಯನ್ನು ಕೇಳಲು ನನಗೆ ನಾಚಿಕೆ. ಚಂದ್ರನನ್ನಾದರೂ ನೋಡಬಹುದಿತ್ತಲ್ಲ ಎನ್ನುತ್ತೀರಿ. ಆ ವಾರವೆಲ್ಲ ಮುಗಿಲಿಗೆ ಮೋಡ, ಇದ್ದದ್ದು ತಮ್ಮ ಅಚ್ಚು ಒಂದೇ.

ಉಡಿ ಕಟ್ಟಿಕೊಂಡು ದಂಡೆಗೆ ಹೋದರೆ ಊರವರು ಯಾರೂ ಇಲ್ಲ. ತೆಪ್ಪ ಹಾಕುವ ಜಕ್ಕಪ್ಪ ಬಲೆ ಬಿಡಿಸುತ್ತಿದ್ದವನು ಎದ್ದು ನಿಂತ. "ಎಲ್ಲಿ ಹೋಗಿದ್ದಿ ಬೇ ಯಕ್ಕಾ? ಹುಣ್ಣಿವಿ ಮೊನ್ನೇನ ಆತು. ಪದ್ಮವ್ವ ಕಡೀ ಬಸ್ಸಿನ ತನಕ ನಿನ್ನ ದಾರಿ ಕಾದಳು. ನೀ ಇಲ್ಲದ ಉಡಿ ತುಂಬೂದಿಲ್ಲ ಅಂತ ಖಣಾ ನನ್ನ ಕಡೆ ಕೊಟ್ಟ ಹೋದಳು. 'ಆಕಿ ಜೀವಂತ ಅದಾಳಿಲ್ಲೋ ಅಷ್ಟರ ತಿಳಿಸೋ' ಅಂದಳು."

ಮಾನ್ಯರೇ, ಬದುಕಿದ್ದೇನೆ. ಜಕ್ಕಪ್ಪನನ್ನು ಕಟ್ಟೆಗೆ ಕರೆದೊಯ್ದು, ಇವನನ್ನೇ ನೆರೆಮನೆಯವಳೆಂದು ತಿಳಿದುಕೊಳ್ಳವ್ವಾ ಎಂದು ದ್ಯಾಮವ್ವನನ್ನು ಬೇಡಿಕೊಂಡು, ಅವನ ಮೀನು ನಾರುವ ಕೈಯಿಂದ ಪದ್ಮವ್ವನ ಕುಪ್ಪಸದ ಖಣವನ್ನೂ ನನ್ನ ಕೈಯಿಂದ ನನ್ನದನ್ನೂ ಹಾಕಿ ಉಡಿ ತುಂಬಿಸಿದೆ. "ನಾ ಸೀರಿ ಉಟ್ಟಿಲ್ಲಲ್ಲ, ಅವ್ವ ಸಿಟ್ಟಾಗೂದಿಲ್ಲೇನ?" ಎಂದು ಅವನು ಕೇಳಿದ. ಕುಂಕುಮ ಕಟ್ಟಿದ ಹಾಳೆಯನ್ನೂ ಅವ್ವನ ಉಡಿಗೆ ಹಾಕಿದೆ. ಆಮೇಲೆ ಅತ್ತುಬಿಟ್ಟೆ.

ಆದಕಾರಣ ತಮ್ಮಲ್ಲಿ ಸಣ್ಣ ಬಿನ್ನಹ. ಒಂದು, ಕಳೆದುಹೋದ ಎರಡು ದಿನಗಳನ್ನು ಮರು ಅಂಚೆಯಲ್ಲಿ ಕಳಿಸಬೇಕು. ಹಿಂಬದಿ ಖಾಲಿ ಇದ್ದರೆ ಉತ್ತಮ. ಮತ್ತೆ, ಸಿನಿಮಾದ ಸುರುಳಿ ಕಳೆದುದಕ್ಕೆ ಅಷ್ಟು ಮರುಗಿದವರು ಮುಂದಿನ ವರ್ಷದ ಆಗಿ ಹುಣ್ಣಿಮೆಯ ಹಿಂದೆ ಇಷ್ಟು ಅಚ್ಚು ಹಾಕಿಸಬೇಕು: 'ಹೊಳೆಬನ್ನಿಹಾಳದಲ್ಲಿ ಎರಡು ಮನೆಗೆ ಒಂದೇ ಗೋಡೆ ಇತ್ತು. ಈಚೆ ಕಡೆ ರೊಟ್ಟಿ ತಟ್ಟಿದರೆ ಆಚೆ ಕಡೆ ಕೇಳುತ್ತಿತ್ತು.' ಇದಕ್ಕೆ ಯಾವ ರಾಜನನ್ನೂ ಜೋಡಿಸುವುದು ಬೇಡ. ಕೊನೆಗೆ ಪ್ರಶ್ನೆಯೂ ಬೇಡ. ತಮ್ಮ ಕ್ಯಾಲೆಂಡರು ಬನಹಟ್ಟಿಯ ಮನೆಗಳಲ್ಲೂ ತೂಗುತ್ತದೆ ಎಂದು ಕೇಳಿದ್ದೇನೆ; ಪದ್ಮವ್ವ ಓದಿಕೊಳ್ಳುತ್ತಾಳೆ.

ಇನ್ನೂ ತಮ್ಮ ಮುಂಬದಿಯನ್ನು ಮಾತ್ರ ನಂಬಿರುವ
ತಮ್ಮ ವಿಶ್ವಾಸಿ,
ಶಿವವ್ವ

ತಾ.ಕ.: ಹುಣ್ಣಿಮೆಯ ಹಿಂದಿನ ದಿನ ತಾವು ಕೇಳಿದ ಪ್ರಶ್ನೆ, ಕನ್ನಡದ ಆ ಮೊದಲ ಸಿನಿಮಾ ತೆಗೆದ ಊರು ಯಾವುದು ಎಂಬುದು. ಉತ್ತರವಿದ್ದ ಹಾಳೆ ಕುಂಕುಮದ ಸಮೇತ ದ್ಯಾಮವ್ವನ ಉಡಿಯಲ್ಲಿದೆ. ಮೇಲಿಂದ ಹೊಳೆಗೆ ನೀರು ಬರತೊಡಗಿದೆ, ಕಟ್ಟೆ ಮತ್ತೆ ಮುಳುಗುತ್ತಿದೆ. ನಮ್ಮ ಯಜಮಾನರು ಊಟ ಬಿಟ್ಟು, "ಒಂದೀಟ ಹೇಳ ಬೇ, ಯಾವ ಊರದು?" ಎಂದು ಬೆನ್ನು ಹತ್ತಿದ್ದಾರೆ. ಮಡಚುವ ಮೊದಲು ನಾನು ಓದಿದ್ದೇನೆ, ನೆನಪಿದೆ. ಮುಂದಿನ ಆಗಿ ಹುಣ್ಣಿಮೆಯ ದಿನ ಅವರೇ ದಿನ ಎಣಿಸಿ ನನ್ನನ್ನು ದಂಡೆಗೆ ಕರೆದೊಯ್ದರೆ, ಪದ್ಮವ್ವನ ಎದುರಿಗೆ ಹೇಳುತ್ತೇನೆ. ನಡುವೆ ಅವರು ತಮಗೆ ಪತ್ರ ಬರೆದು ಕೇಳಿದರೆ, ತಮ್ಮ ಅಚ್ಚಿನ ಯಂತ್ರದಾಣೆ, ಉತ್ತರ ಕೊಡಕೂಡದು.