ಕಚೇರಿಯ ಗೋಡೆಯ ಫೋಟೋದಿಂದ ಅಕ್ತೊಶ್‌ನನ್ನು ಕತ್ತರಿಸಿಕೊಳ್ಳಲು ಅನುಮತಿ ಕೋರಿ

ಇಂದ,
ಜೂರಾಕಾನ್,
ಶಿರ್ದಾಕ್ ಹಾಸು ಮಾಡುವವಳು,
ಮೇಲಿನ ಕೇರಿ, ನಲ್ಲಿಯ ಎದುರು ಮನೆ,
ಕೊಕ್-ಬುಲುಂಗ್ ಗ್ರಾಮ, ನರಿನ್ ಸೀಮೆ, ಕಿರ್ಗಿಜ್‌ಸ್ತಾನ.

ಗೆ,
ಮಾನ್ಯ ಗ್ರಾಮಾಧ್ಯಕ್ಷರಾದ ಶೈಲೋಬೆಕ್ ಅವರು,
ಗ್ರಾಮಾಡಳಿತ ಕಚೇರಿ,
ಕೊಕ್-ಬುಲುಂಗ್.

ವಿಷಯ: ತಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿರುವ ನಲ್ಲಿ ಉದ್ಘಾಟನೆಯ ಫೋಟೋದಲ್ಲಿ, ತಮ್ಮ ಹೊಟ್ಟೆಗೆ ಅಡ್ಡವಾಗಿ ಕುಳಿತಿರುವ ದಿವಂಗತ ಅಕ್ತೊಶ್‌ನನ್ನು (ನಾಯಿ) ಕತ್ತರಿಸಿಕೊಳ್ಳಲು ಅನುಮತಿ ನೀಡುವ ಹಾಗೂ ಜಪ್ತಿಯಾದ ಚಾಕುವನ್ನು ಹಿಂತಿರುಗಿಸುವ ಬಗ್ಗೆ.

ಉಲ್ಲೇಖ: 1. ಅರ್ಜಿದಾರಳ ಹಿಂದಿನ ಅರ್ಜಿ ('ಇದು ಅರ್ಜಿಯಲ್ಲ, ಜಗಳ' ಎಂಬ ಷರಾದೊಂದಿಗೆ ವಾಪಸು ಬಂದದ್ದು).
2. ನೆರೆಮನೆಯ ಬಾಕ್ತಿಗುಲ್ ಅವರ ದೂರು.
3. ಮೊನ್ನೆ ತಾವು ಕಚೇರಿಯ ಮೆಟ್ಟಿಲ ಮೇಲೆ ನಿಂತು ಆಡಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಹಿಂದಿನ ಅರ್ಜಿಯಲ್ಲಿ ಸಾಲುಸಾಲಿಗೂ 'ನಾನು, ನಾನು' ಎಂದು ಕೂಗಾಡಿರುವುದು ಕಚೇರಿಯ ಮರ್ಯಾದೆಗೆ ತಕ್ಕುದಲ್ಲವೆಂದು ತಮ್ಮ ಗುಮಾಸ್ತೆ ನಜೀರಾ ತಿಳಿಸಿದ ಕಾರಣ, ಈ ಸಲ ಎಲ್ಲ ಕಡೆ 'ಅರ್ಜಿದಾರಳು' ಎಂದೇ ಬರೆಯಲಾಗಿದೆ. ಅರ್ಜಿದಾರಳಿಗೆ ಸಿಟ್ಟು ಬಂದಿಲ್ಲ. ಬಂದಿದ್ದರೆ ಅರ್ಜಿ ಬರೆಯುತ್ತ ಕೂರುತ್ತಿರಲಿಲ್ಲ, ನೇರವಾಗಿ ತಾವಿದ್ದಲ್ಲಿಗೇ ಬರುತ್ತಿದ್ದಳು.

1. ಅಕ್ತೊಶ್ ಎಂಬ ಬಿಳಿ ಎದೆಯ ನಾಯಿಯು ಅರ್ಜಿದಾರಳ ಮನೆಯಲ್ಲೇ ಬೆಳೆದು, ಮುದಿಯಾಗಿ, ಈ ಚಳಿಗಾಲದ ಕೊನೆಯಲ್ಲಿ ಒಲೆಯ ಪಕ್ಕ ಮಲಗಿದ್ದಲ್ಲೇ ತೀರಿಕೊಂಡಿತು. ಅಂದಿನಿಂದ ಮನೆ ಬಿಕೋ ಎನ್ನುತ್ತಿದೆ. ಇದನ್ನು ಅರ್ಜಿಯ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ತಿಳಿಯದ ಕಾರಣ ಹಾಗೆಯೇ ಬರೆಯಲಾಗಿದೆ. ಸತ್ತ ನಲವತ್ತನೆಯ ದಿನ ಹಿಟ್ಟು ನಾದಿ ಬೋರ್ಸೊಕ್ ಕರಿದು ಕೇರಿಗೆಲ್ಲ ಹಂಚಿದಾಗ ಮುಲ್ಲಾ ಅವರು ಬಂದು, "ನಾಯಿಗೆಲ್ಲ ಯಾರಾದ್ರೂ ನಲವತ್ತು ಮಾಡ್ತಾರೇನಮ್ಮಾ? ಬುದ್ಧಿ ಇದ್ಯಾ?" ಎಂದು ಕೇಳಿದರು.

"ಯಾರ್ ಹೇಳಿದ್ರು ನಾಯಿಗೆ ಅಂತ? ಎಣ್ಣೆ ಜಾಸ್ತಿ ಇತ್ತು, ಕರಿದೆ" ಎಂದು ಅರ್ಜಿದಾರಳು ಉತ್ತರಿಸಿರುತ್ತಾಳೆ. ಮುಲ್ಲಾ ಅವರು ನಿಂತಲ್ಲೇ ಒಂದಷ್ಟು ತಿಂದು, ಉಳಿದದ್ದನ್ನು ಜೇಬಿಗೆ ಹಾಕಿಕೊಂಡು ಹೋದರು. ಇದು ದೂರಲ್ಲ, ಕೇವಲ ಮಾಹಿತಿಗಾಗಿ.

2. ಮುಂದುವರಿದು, ಪಟ್ಟಣದಲ್ಲಿರುವ ಅರ್ಜಿದಾರಳ ತಂಗಿಯ ಮಗಳು ಬಂದವಳು ದಪ್ಪ ಹಾಳೆಯ ಒಂದು ಆಲ್ಬಂ ಕೈಯಲ್ಲಿಟ್ಟು, "ಅತ್ಕೊಂಡ್ ಕೂರ್ಬೇಡ ದೊಡ್ಡಮ್ಮಾ, ಅಕ್ತೊಶ್‌ದು ಒಂದು ನೆನಪಿನ ಪುಸ್ತಕ ಮಾಡು, ಅವನ ಸಾಮಾನೆಲ್ಲ ಅಂಟಿಸು" ಎಂದಳು. ಅದರಂತೆ ಈವರೆಗೆ ಸದರಿ ಪುಸ್ತಕದಲ್ಲಿ ಅವನ ಕೊರಳಪಟ್ಟಿ, ಬಾಚಣಿಗೆಗೆ ಸಿಕ್ಕ ಕೂದಲು ಮತ್ತು ತಮ್ಮ ಪ್ಯಾಂಟಿನ ಒಂದು ತುಂಡನ್ನು ಅಂಟಿಸಲಾಗಿದೆ. (ಹೌದು, ಅಂದು ತಾವು ಬೇಲಿಯ ಹತ್ತಿರ ಹುಡುಕುತ್ತಿದ್ದದ್ದು ಅದೇ. ಈಗ ಅಂಟಿಬಿಟ್ಟಿದೆ, ಕೀಳಲು ಬರುವುದಿಲ್ಲ.) ಆದರೆ ಅವನ ಫೋಟೋ ಇರಲಿಲ್ಲ. ಏಕೆಂದರೆ ನಮ್ಮೂರಿಗೆ ಕ್ಯಾಮೆರಾ ಬರುವುದು ಮದುವೆಗೆ, ಸಾವಿಗೆ ಮತ್ತು ಸರ್ಕಾರಕ್ಕೆ. ನಾಯಿಗಾಗಿ ಯಾರೂ ಕ್ಯಾಮೆರಾ ತರಿಸುವುದಿಲ್ಲ.

3. ಹಾಗೆಂದು ಅಕ್ತೊಶ್ ಫೋಟೋದಲ್ಲಿ ಬಿದ್ದಿಲ್ಲವೆಂದಲ್ಲ. ಮಾಂಸ ಬೇಯುವ ಮನೆಯಲ್ಲೆಲ್ಲ ಅವನು ಹಾಜರಿರುತ್ತಿದ್ದ ಕಾರಣ, ಊರಿನ ಪ್ರತಿ ಮನೆಯ ಫೋಟೋದ ಮೂಲೆಯಲ್ಲೂ ಅವನ ಒಂದಲ್ಲ ಒಂದು ಭಾಗ ಇದ್ದೇ ಇದೆ. ಹೊಸ ಸೊಸೆಯನ್ನೋ, ಹೊಸ ಕೂಸನ್ನೋ, ಹೊಸ ಕೋಟನ್ನೋ ಮೊದಲ ಸಲ ನೋಡಿದವರು ಬರಿಗೈಯಲ್ಲಿ ಹೋಗುವಂತಿಲ್ಲ, ಕೊರುಮ್ದುಕ್ ಎಂದು ಏನಾದರೂ ಕೊಟ್ಟೇ ಹೋಗಬೇಕೆಂಬುದು ತಮಗೂ ತಿಳಿದ ಪದ್ಧತಿ. ಆದ್ದರಿಂದ ಅರ್ಜಿದಾರಳು ಹೊಸ ಆಲ್ಬಮನ್ನು ಎತ್ತಿಕೊಂಡು ಮನೆಮನೆಗೆ ಹೋಗಿ, ಬೇಡವೆಂದವರಿಗೂ ತೋರಿಸಿ, ಕೊರುಮ್ದುಕ್ ಆಗಿ ಅಕ್ತೊಶ್ ಇರುವ ಫೋಟೋವನ್ನೇ ಕೇಳಿ ಪಡೆದಳು. ಇದರಲ್ಲಿ ಬಲವಂತ ಏನೂ ಇಲ್ಲ.

4. ಕತ್ತರಿಸಿದ ವಿಧಾನದ ಬಗ್ಗೆ ಊರಲ್ಲಿ ಇಲ್ಲದ ಮಾತು ಹಬ್ಬಿರುವ ಕಾರಣ ಸ್ಪಷ್ಟೀಕರಣ ಹೀಗಿದೆ. ಶಿರ್ದಾಕ್ ಮಾಡುವವರು ಎರಡು ಬಣ್ಣದ ಉಣ್ಣೆಯ ಹಾಸುಗಳನ್ನು ಒಂದರ ಮೇಲೊಂದಿಟ್ಟು, ಚಾಕುವಿನಿಂದ ಒಂದೇ ಏಟಿಗೆ ಚಿತ್ತಾರ ಕತ್ತರಿಸಿ, ಕೆಂಪಿನ ತುಂಡನ್ನು ಕಪ್ಪಿನಲ್ಲೂ ಕಪ್ಪಿನ ತುಂಡನ್ನು ಕೆಂಪಿನಲ್ಲೂ ಕೂಡಿಸುತ್ತಾರೆ. ಏನೂ ದಂಡವಾಗುವುದಿಲ್ಲ. ಅರ್ಜಿದಾರಳಿಗೆ ಹುಟ್ಟಿದಾಗಿನಿಂದ ಬರುವುದು ಅದೊಂದೇ ಕತ್ತರಿಕೆ. ಆದ್ದರಿಂದ ನೆರೆಯವರ ಫೋಟೋದ ಕೆಳಗೆ ತನ್ನ ಮನೆಯ ಒಂದು ಫೋಟೋ ಇಟ್ಟು ಒಟ್ಟಿಗೇ ಕತ್ತರಿಸಿ, ನಾಯಿಯನ್ನು ತನ್ನ ಫೋಟೋದಲ್ಲಿ ಕೂಡಿಸಿ, ತನ್ನ ಫೋಟೋದ ತುಂಡನ್ನು ನೆರೆಯವರ ಫೋಟೋದಲ್ಲಿ ಕೂಡಿಸಿ, ನೀಟಾಗಿ ಅಂಟಿಸಿ ವಾಪಸು ಕೊಟ್ಟಿರುತ್ತಾಳೆ. ಬಾಕ್ತಿಗುಲ್ ಅವರ ತಕರಾರು, ಅಕ್ಕನೆಂದು 'ಎಜೆ' ಎನ್ನುತ್ತಲೇ, ಇಲ್ಲಿಂದ ಶುರುವಾಯಿತು.

"ಎಜೆ, ನನ್ ಸೊಸೆ ಕಾಲ ಹತ್ರ ಇದೇನು?"

"ಕಣ್ಣು ಕಾಣಲ್ವಾ? ನಮ್ಮತ್ತೆ."

"ನಿಮ್ಮತ್ತೆ ಸತ್ತು ಯಾವ ಕಾಲ ಆಯ್ತು! ನನ್ ಮಗನ ಮದುವೆಗೆ ಅವರ್ಯಾಕ್ ಬಂದ್ರು? ಅದೂ ಅರ್ಧ ಮುಖ!"

"ನಿಮ್ ಫೋಟೋದಲ್ಲಿ ಅಕ್ತೊಶ್‌ದೂ ಹಿಂಭಾಗ ಮಾತ್ರ ಇತ್ತಲ್ಲ, ಅಷ್ಟಕ್ಕೆ ಅಷ್ಟೇ ಸರಿಹೋಗೋದು. ತೂತು ಬಿಟ್ ಕೊಡೋಕೆ ನಾನೇನ್ ಇಲೀನಾ?"

ಸದರಿ ಅರ್ಧ ಮುಖವು ದುರುಗುಟ್ಟಿ ನೋಡುತ್ತಿದೆಯೆಂದು ಹೊಸ ಸೊಸೆ ಊಟ ಬಿಟ್ಟಿದ್ದಾಳಂತೆ. ಅತ್ತೆಯವರು ಬದುಕಿದ್ದಾಗಲೂ ಹಾಗೆಯೇ ನೋಡುತ್ತಿದ್ದರು, ಅರ್ಜಿದಾರಳು ಒಂದು ಹೊತ್ತೂ ಊಟ ಬಿಟ್ಟವಳಲ್ಲ. ಈ ದೂರಿನ ಮೇರೆಗೆ ತಾವು ಚಾಕುವನ್ನು ಜಪ್ತಿ ಮಾಡಿ ಮೇಜಿನ ಡ್ರಾಯರಿನಲ್ಲಿಟ್ಟಿದ್ದೀರಿ. ಅದರಲ್ಲಿ ತಾವು ಸೇಬು ಹೆಚ್ಚುತ್ತಿರುವುದು ಕಿಟಕಿಯಿಂದ ಕಾಣುತ್ತದೆ. ದಯವಿಟ್ಟು ಒರೆಸಿ ಇಡುವುದು.

5. ಈಗ ಮುಖ್ಯ ವಿಷಯಕ್ಕೆ. ಇಷ್ಟೆಲ್ಲ ಮಾಡಿಯೂ ಪುಸ್ತಕದಲ್ಲಿ ಸೇರಿರುವುದು ಬಾಲ, ಬೆನ್ನು, ಒಂದು ಕಿವಿ ಮತ್ತು ಮೇಜಿನ ಕೆಳಗಿನ ಕಾಲುಗಳು. ಮುಖವಿಲ್ಲ. ಅಕ್ತೊಶ್‌ನ ಮುಖ ಪೂರ್ತಿಯಾಗಿ ಇರುವುದು ಇಡೀ ಊರಿನಲ್ಲಿ ತಮ್ಮ ಕಚೇರಿಯ ಫೋಟೋದಲ್ಲಿ ಮಾತ್ರ. ಜಿಲ್ಲೆಯ ಮುಖ್ಯಸ್ಥರು ಕೆಂಪು ಪಟ್ಟಿ ಕತ್ತರಿಸುತ್ತಿದ್ದಾರೆ, ತಾವು ಮುಂದೆ ಕುಕ್ಕರುಗಾಲಿನಲ್ಲಿ ಕೂತು ನಗುತ್ತಿದ್ದೀರಿ, ತಮ್ಮ ಮುಂದೆ ಅಕ್ತೊಶ್ ನೆಟ್ಟಗೆ ಕೂತು ಕ್ಯಾಮೆರಾವನ್ನೇ ನೋಡುತ್ತಿದ್ದಾನೆ. ಇದನ್ನು ಕೇಳಲು ಬಂದಾಗ ತಾವು ಮೆಟ್ಟಿಲ ಮೇಲೆ ನಿಂತು, ನಾಲ್ಕು ಜನರ ಮುಂದೆ ಹೀಗೆಂದಿರಿ:

"ಎಜೆ, ಹೊಟ್ಟೇಲಿ ತೂತು ಇಟ್ಕೊಂಡು ದೊಡ್ಡವರ ಪಕ್ಕ ಕೂತ್ಕೊಳ್ಲಾ ನಾನು? ಹೋಗ್ಲಿ, ಆ ನಾಯೀನ ಅಲ್ಲಿಗೆ ಕರೆದೋರ್ಯಾರು? ಕರೀದೇ ಬಂದು ಕೂತಿದ್ದು ಅದು!"

ಆ ಮಾತಿಗೆ ಅರ್ಜಿದಾರಳ ಉತ್ತರವನ್ನು ಈಗ ಸಲ್ಲಿಸಲಾಗುತ್ತಿದೆ.

ಮೇಲಿನ ಊಟೆಯಿಂದ ನಲ್ಲಿಯವರೆಗೆ ಪೈಪು ಹೂಳಲು ಕಾಲುವೆ ಅಗೆದದ್ದು ಅರ್ಜಿದಾರಳ ಮನೆಯವರು. ಜೊತೆಗಿದ್ದ ಕೂಲಿಯವರು ಕಲ್ಲು ಸಿಕ್ಕಿತೆಂದು ಬಿಟ್ಟುಹೋದ ಮೇಲೂ ಅವರೊಬ್ಬರೇ ಹಾರೆ ಹಿಡಿದು ಹೋಗುತ್ತಿದ್ದರು. "ಬೆನ್ನು ಬಿದ್ದೋಗತ್ತೆ, ಸಾಕು ಬಿಡಿ" ಎಂದರೆ, "ನೀನು ಹೊಳೆಗೆ ಹೋಗಿ ಬಿಂದಿಗೆ ಹೊರೋದನ್ನ ನೋಡಕ್ಕಾಗಲ್ಲ ಕಣೇ" ಎನ್ನುತ್ತಿದ್ದರು. ಅಕ್ತೊಶ್ ದಿನವೂ ಅವರ ಹಿಂದೆಯೇ ಹೋಗಿ, ಮಣ್ಣಿನ ಗುಡ್ಡೆಯ ಮೇಲೆ ಕೂತು ಕಾಯುತ್ತಿದ್ದ. ನೀರು ಬರುವ ಮುನ್ನ ಮನೆಯವರಿಗೆ ಎದೆನೋವು ಬಂತು, ಹೋಗಿಬಿಟ್ಟರು. ಉದ್ಘಾಟನೆಗೆ ಅರ್ಜಿದಾರಳನ್ನು ಯಾರೂ ಕರೆಯಲಿಲ್ಲ. ಕಿಟಕಿಯಿಂದ ನೋಡಿದಳು. ಅಕ್ತೊಶ್ ಮಾತ್ರ ಎಂದಿನಂತೆ ಹೋಗಿ, ಎಂದಿನ ಜಾಗದಲ್ಲಿ ಕೂತ. ಕಾರಣ, ಅವನು ಕರೆಯದೇ ಬಂದವನಲ್ಲ. ಅವನು ದಿನವೂ ಬರುತ್ತಿದ್ದವನು. ಅಲ್ಲಿಗೆ ಮೊದಲ ಸಲ ಬಂದವರು ತಾವು.

6. ತಮ್ಮ ಹೊಟ್ಟೆಯ ವಿಚಾರ. ತೂತಿನ ಭಯ ಬೇಡ. ಅರ್ಜಿದಾರಳ ಬಳಿ, ಅವಳೂ ಮನೆಯವರೂ ಬಾಗಿಲ ಮುಂದೆ ಕೂತು ಚಹಾ ಕುಡಿಯುತ್ತಿರುವ, ಯಾರದೋ ಮದುವೆಗೆ ಬಂದ ಕ್ಯಾಮೆರಾದವನು ತೆಗೆದ ಒಂದು ಫೋಟೋ ಇದೆ. ಅದನ್ನು ತಮ್ಮ ಫೋಟೋದ ಕೆಳಗಿಟ್ಟು ಕತ್ತರಿಸಿದರೆ ನಾಯಿಯ ಜಾಗಕ್ಕೆ ಮನೆಯವರು ಎದೆಯಿಂದ ತಲೆಯವರೆಗೆ ಸರಿಯಾಗಿ ಕೂರುತ್ತಾರೆ; ಕಿವಿಗಳಿದ್ದ ಕಡೆ ಅವರ ಎತ್ತರದ ಬಿಳಿ ಟೋಪಿ ಬರುತ್ತದೆ. ನಜೀರಾ ಊಟಕ್ಕೆ ಹೋಗಿದ್ದಾಗ ಅಳತೆ ನೋಡಲಾಗಿದೆ. ತಮ್ಮ ಹೊಟ್ಟೆ ಮೊದಲಿಗಿಂತ ಚೆನ್ನಾಗಿ ಮುಚ್ಚುತ್ತದೆ.

ಮನೆಯವರದ್ದು ಬೇರೆ ಫೋಟೋ ಇಲ್ಲ. ಕೊಡಲು ಸಂಕಟವಾಗುತ್ತದೆ. ಆದರೂ ಅವರು ಆ ನಲ್ಲಿಯ ಮುಂದೆ ಇರಬೇಕಾದವರು.

ಆದ್ದರಿಂದ, ಮೇಲೆ ಹೇಳಿದ ಎಲ್ಲ ಕಾರಣಗಳಿಂದಾಗಿ, ಚಾಕುವನ್ನು ಹಿಂತಿರುಗಿಸಿ, ಫೋಟೋವನ್ನು ಅರ್ಧ ದಿನದ ಮಟ್ಟಿಗೆ ಗೋಡೆಯಿಂದ ಇಳಿಸಿಕೊಟ್ಟು, ತರುವಾಯ ಅರ್ಜಿದಾರಳಿಗೆ ನೋಡಬೇಕೆನಿಸಿದಾಗಲೆಲ್ಲ 'ಏನು ಕೆಲಸ?' ಎಂದು ಕೇಳದೆ ಕಚೇರಿಯೊಳಗೆ ಬಿಡಬೇಕೆಂದು ಕೋರಲಾಗಿದೆ.

ತಮ್ಮ ವಿಶ್ವಾಸಿ
(ಚಾಕು ಕೈಗೆ ಬಂದ ಮೇಲೆ),
ಜೂರಾಕಾನ್

ಲಗತ್ತುಗಳು:
1. ನೆನಪಿನ ಪುಸ್ತಕ, ಮುಖಕ್ಕೆಂದು ಬಿಟ್ಟ ಹಾಳೆ ಸಹಿತ (ನೋಡಿದ ಮೇಲೆ ಕೊರುಮ್ದುಕ್ ಕೊಡಬೇಕಾಗುತ್ತದೆ).
2. ಬಾಗಿಲ ಮುಂದೆ ಚಹಾ ಕುಡಿಯುತ್ತಿರುವ ಫೋಟೋ. ಮಡಚಬಾರದು.
3. ಬೋರ್ಸೊಕ್, ಒಂದು ಪೊಟ್ಟಣ. ಇದು ಲಂಚವಲ್ಲ, ಎಣ್ಣೆ ಜಾಸ್ತಿ ಇತ್ತು.

ವಿ.ಸೂ.: ಫೋಟೋದ ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆದಿರುವ ಸಾಲಿನಲ್ಲಿ ಏನನ್ನೂ ಹೊಡೆದುಹಾಕಬೇಕಾಗಿಲ್ಲ, ನಾಯಿಯ ಹೆಸರು ಅಲ್ಲಿ ಇರಲೇ ಇಲ್ಲ. ಸಾಲಿನ ಕೊನೆಯಲ್ಲಿ ಸ್ವಲ್ಪ ಜಾಗ ಉಳಿದಿದೆ. ಅಲ್ಲಿ ನನ್ನ ಗಂಡನ (ಕ್ಷಮಿಸಿ, ಅರ್ಜಿದಾರಳ ಗಂಡನ) ಹೆಸರನ್ನು ಸೇರಿಸಿಕೊಡುವುದು. ಬಾಯಿಬಿಟ್ಟು ಹೇಳುವ ವಾಡಿಕೆ ನಮ್ಮಲ್ಲಿ ಇಲ್ಲದ ಕಾರಣ ಬರೆದು ಕೊಡಲಾಗಿದೆ: ಓಮುರ್ಜಾಕ್.