ಮಾಯಿಲಪ್ಪನ ಕೈಗುಣ

ಗಾಳಿಬೀಡಿನ ಕಳೆಮದ್ದು ಪರೀಕ್ಷೆಯ ಶೆಡ್ಡಿನಲ್ಲಿ ಎಡಸಾಲಿನ ಮೊಲಗಳು ಮರಿ ಹಾಕಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಎಡಸಾಲಿನ ಗಂಡು ಮೊಲಗಳಿಗೆ ಎರಡು ತಿಂಗಳು ಕಳೆಮದ್ದು ಬೆರೆಸಿದ ಮೇವು, ಬಲಸಾಲಿನವಕ್ಕೆ ಬರೀ ಮೇವು. ಆಮೇಲೆ ಎರಡೂ ಸಾಲಿಗೆ ಹೆಣ್ಣು ಬಿಟ್ಟರು. ಮದ್ದು ಗಂಡಸುತನಕ್ಕೆ ಕುತ್ತು ತರುತ್ತದೋ ಇಲ್ಲವೋ ನೋಡಲು ಮೈಸೂರಿನ ಡಾಕ್ಟರ್ ಸಣ್ಣಸ್ವಾಮಿ ಹೂಡಿದ ಪರೀಕ್ಷೆ ಅದು. ಕೊಡಗು ಮೈಸೂರಿಗೆ ಸೇರಿದ ಮೇಲೆ ಇಂಥವರು ಬರುತ್ತಲೇ ಇದ್ದರು. ಮೊಲ ಸಾಕುವ ಮಾಯಿಲಪ್ಪನಿಗೆ ಅವರ ಪರೀಕ್ಷೆ ಲೆಕ್ಕಕ್ಕಿಲ್ಲ. ಅವನ ಕೈಯಲ್ಲಿ ಮೇವು ತಿಂದ ಹಂದಿ ಹನ್ನೆರಡಕ್ಕೆ ಕಮ್ಮಿ ಮರಿ ಹಾಕಿದ್ದಿಲ್ಲ. ನಾಡೆಲ್ಲ ಆ ಕೈಗುಣ ಹೊಗಳುತ್ತಿತ್ತು. ಅವನೂ ಆ ಕೈಯನ್ನು ಸೊಂಟಕ್ಕೆ ಸಿಕ್ಕಿಸುವ ಬೆಳ್ಳಿಯ ಪೀಚೆಕತ್ತಿಯ ಹಾಗೆ ಎಲ್ಲರಿಗೂ ಕಾಣುವಂತೆ ಹೊತ್ತು ತಿರುಗುತ್ತಿದ್ದ.

"ಎಂತ ಮಾರಾಯ, ಎಡಸಾಲಿನ ಮೂರು ಗೂಡಲ್ಲೂ ಒಂದು ಮರಿ ಇಲ್ಲ!" ಕಸ ಗುಡಿಸುವ ಬೊಳ್ಳಮ್ಮ ಇಣುಕಿದಳು. "ಇವತ್ತೇ ನಿನ್ನ ಮಾವ ಆಗೋನು ಬರ್ತಾನಲ್ಲ? ಕೈಗುಣ ಕೇಳಿಯೇ ಹೆಣ್ಣು ಕೊಡ್ತೀನಿ ಅಂದೋನು. ಇದನ್ನ ನೋಡಿದ್ರೆ ನಿಂದೂ ಹೀಗೇ ಅಂದ್ಕೊಳ್ತಾನೆ!"

"ಬಾಯಿ ಮುಚ್ಚು ಅಕ್ಕ!"

"ನಾ ಮುಚ್ತೀನಿ. ಊರು ಮುಚ್ತದಾ?"

ಮಾಯಿಲಪ್ಪನ ಕಿವಿ ಹಣ್ಣುಮೆಣಸಿನ ಹಾಗೆ ಕೆಂಪಾಯಿತು. ಬಲಸಾಲಿನಲ್ಲಿ ಇಪ್ಪತ್ತು ಮರಿಗಳಿದ್ದವು. ಹತ್ತನ್ನು ತಲೆವಸ್ತ್ರದಲ್ಲಿ ಸುರಿದುಕೊಂಡು ಎಡಸಾಲಿಗೆ ಹಂಚಿದ. ಬಸುರಾಗದೆ ತಾಯಿಯಾದ ಒಂದು ಮೊಲ ಅವನ ಹೆಬ್ಬೆರಳು ಕಚ್ಚಿತು. ಇನ್ನೊಂದು ಮರಿಗಳನ್ನು ಒದ್ದು ಹೊರಹಾಕಿತು. "ನಿಂದೇ ಅಂದ್ಕೊಳ್ಳೇ ಮೂದೇವಿ!" ಎಂದು ಗದರಿಸಿ ಅವನ್ನು ಮತ್ತೆ ತುರುಕುವಷ್ಟರಲ್ಲಿ ಡಾಕ್ಟರ ಜೀಪು ಬಂತು. ಅದರಿಂದಲೇ ಇಳಿದ, ಭಾವಿ ಮಾವ ಪೂವಯ್ಯ. ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿದ್ದನಂತೆ.

ಡಾಕ್ಟರು ಎರಡೆರಡು ಸಲ ಎಣಿಸಿದರು. "ಭೇಷ್! ಎಡಕ್ಕೂ ಹತ್ತು, ಬಲಕ್ಕೂ ಹತ್ತು. ಈ ಮದ್ದಿನಿಂದ ಗಂಡಿಗೆ ಏನೂ ತೊಂದರೆ ಇಲ್ಲ ಅಂತ ಇವತ್ತೇ ಬರೀತೀನಿ."

"ಮದ್ದಿಂದೇನು ಸ್ವಾಮಿ, ಎಲ್ಲ ನಮ್ಮ ಅಳಿಯನ ಕೈಗುಣ!" ಪೂವಯ್ಯ ಎದೆ ಸೆಟೆಸಿದ. ಮಾಯಿಲಪ್ಪ ಇನ್ನೂ ಒಂದು ಗೇಣು ಹೆಚ್ಚಿಗೆ ಸೆಟೆದ.

"ಇಂಥವನನ್ನ ಮೊಲದ ಗೂಡಲ್ಲಿ ಇಟ್ರೆ ದಂಡ ಕಣಯ್ಯಾ," ಎಂದರು ಡಾಕ್ಟರು. "ನಾಳೆಯಿಂದ ಎಸ್ಟೇಟುಗಳಲ್ಲಿ ಈ ಮದ್ದು ಹೊಡೆಯೋ ಮೇಸ್ತ್ರಿ ನೀನೇ!"

ಮಾಯಿಲಪ್ಪನ ನಾಲಿಗೆಯ ತುದಿಗೆ ನಿಜ ಬಂತು. ಮಾವನ ಮುಖ ನೋಡಿ ನುಂಗಿದ. ಡಾಕ್ಟರು ಜೀಪಿನಿಂದ ಮದ್ದು ತುಂಬಿದ ಸ್ಪ್ರೇಯರ್ ಇಳಿಸಿ ಸ್ವತಃ ಅವನ ಬೆನ್ನಿಗೆ ಕಟ್ಟಿದರು. ಡಬ್ಬದ ತಳ ಸೋರಿ, ಮದ್ದು ತಣ್ಣಗೆ ಸೊಂಟದಿಂದ ಕೆಳಕ್ಕೆ ಇಳಿಯತೊಡಗಿತು.

ಪೂವಯ್ಯ ಆ ಡಬ್ಬವನ್ನೇ ತಟ್ಟಿ ಹೇಳಿದ: "ಮುಂದಿನ ತಿಂಗಳೇ ಮದುವೆ, ಅಳಿಯ. ವರ್ಷದೊಳಗೆ ನನಗೆ ಮೊಮ್ಮಗ ಬೇಕು. ಮೊಲದ ಹಾಗೆ ಏಳೆಂಟು ಬೇಡ, ಸದ್ಯಕ್ಕೆ ಒಂದು ಸಾಕು!"