ಉಯ್ಯಾಲೆಯ ನಾಲ್ಕು ನಟ್ಟು

ಗುಜರಾತಿನ ಇಡೀ ಅಲಂಗ್ ಕಡಲ ದಂಡೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಕಬ್ಬಿಣಕ್ಕೆ ಯಾರನ್ನು ಕಂಡರೆ ಭಯ ಅಂತ. ರಾಘವಜಿಯನ್ನು ಕಂಡರೆ ಅಂತಾರೆ. ರಾಘವಜಿ ಎಂದರೆ ನಾನೇ! ಮೂವತ್ತೊಂದು ವರ್ಷದಿಂದ ಹಳೆಯ ಹಡಗು ಒಡೆದು ಹೊಟ್ಟೆ ಹೊರೆದವನು. ಏಳು ಸಮುದ್ರ ದಾಟಿ ಬಂದ ಏಳು ಅಂತಸ್ತಿನ ಹಡಗುಗಳು ನನ್ನ ಗ್ಯಾಸ್ ಕಟ್ಟರಿನ ಮುಂದೆ ಬೆಣ್ಣೆಯ ಹಾಗೆ ಕರಗಿವೆ. ಅಂಥ ನಾನು ಮನೆಯ ಉಯ್ಯಾಲೆಯ ನಾಲ್ಕು ನಟ್ಟು ಬಿಚ್ಚುತ್ತೇನೆ ಎಂದರೆ ಹೆಂಡತಿ ಜಸು ನಗಬಹುದೇ? ನಕ್ಕಳು.

ವಿಷಯ ಇಷ್ಟೇ. ಭಾನುವಾರ ಬಾ ಬರುವವರಿದ್ದರು. ಬಾ ಎಂದರೆ ಜಸುವಿನ ತಾಯಿ, ಎಂಬತ್ತೆರಡು ವರ್ಷದವರು. ಸೊಂಟದ ಮೂಳೆ ಮುರಿದು ಕೂಡಿಕೊಂಡ ಮೇಲೆ ಮೊದಲ ಸಲ ತಮ್ಮೂರು ಸಿಹೋರ್ ಬಿಟ್ಟು ಹೊರಟಿದ್ದರು. ಕುರ್ಚಿಯಲ್ಲಿ ಕೂರುವ ಜಾಯಮಾನ ಅವರದಲ್ಲ, ಕೂತರೆ ಉಯ್ಯಾಲೆಯಲ್ಲೇ. ಆದರೆ ಈಗ ಕಾಲು ನೆಲಕ್ಕೆ ಊರದಿದ್ದರೆ ಸೊಂಟ ಹಿಡಿಯುತ್ತದೆ, ನಮ್ಮ ಉಯ್ಯಾಲೆಯೋ ಅವರಿಗೆ ನಾಲ್ಕು ಬೆರಳು ಎತ್ತರ.

"ಕೂರೋಕಾಗದಿದ್ರೆ ಸಂಜೆ ಬಸ್ಸಿಗೇ ಹೊರಟುಬಿಡ್ತಾರೆ ರೀ," ಎಂದಳು ಜಸು. "ಒಂದು ತಿಂಗಳಾದ್ರೂ ನನ್ನ ಹತ್ರ ಇರ್ಲಿ ಅಂತ ನನಗಾಸೆ."

ನಾನು ತಲೆಯೆತ್ತಿ ನೋಡಿದೆ. ಸೂರಿನ ಕೊಕ್ಕೆಯ ಹತ್ತಿರ ನಾಲ್ಕು ಸರಳು, ಸರಳಿಗೊಂದು ಬೋಲ್ಟು, ಬೋಲ್ಟಿಗೊಂದು ನಟ್ಟು. ಬಿಚ್ಚಿ ಒಂದೊಂದು ಕೊಂಡಿ ಸೇರಿಸಿದರೆ ಉಯ್ಯಾಲೆ ತಗ್ಗುತ್ತದೆ.

"ಅಷ್ಟೇ ತಾನೆ? ಗ್ಯಾಸ್ ತರ್ತೀನಿ. ಎರಡು ನಿಮಿಷದ ಕೆಲಸ."

"ಕಮ್ಮಾರನಾಗಿದ್ದ ನಮ್ಮಪ್ಪ ಕೈಯಾರೆ ಬಡಿದು, ನನ್ನ ಮದುವೆಗೆ ಅಂತ ಕೊಟ್ಟಿದ್ದಕ್ಕೆ ಬೆಂಕಿ ಇಡ್ತೀರಾ? ಇದು ಮನೆ, ಹಡಗಲ್ಲ. ಇಷ್ಟು ವರ್ಷದಲ್ಲಿ ನೀವು ಸುಟ್ಟಿದ್ದು ನೋಡಿದ್ದೀನಿ, ಒಂದು ನಟ್ಟು ಬಿಚ್ಚಿದ್ದು ನೋಡಿಲ್ಲ."

ಈ ಮಾತಿಗೆ ಉತ್ತರ ಬಾಯಲ್ಲಿ ಹೇಳುವುದಲ್ಲ, ಕೈಯಲ್ಲಿ ಮಾಡಿ ತೋರಿಸುವುದು! ಬೆಂಕಿ ಮುಟ್ಟದೆ, ಬರೀ ಎಣ್ಣೆಯಿಂದಲೇ ಬಿಚ್ಚುವ ಶಪಥ ಮಾಡಿ ಹಡಗಿನ ಸಾಮಾನು ಮಾರುವ ವಲೀಭಾಯಿಯ ಅಂಗಡಿಗೆ ನಡೆದೆ. ಆತ ತುಕ್ಕಿನೊಳಗೆ ಇಳಿಯುವ ಎಣ್ಣೆಯ ಡಬ್ಬಿ ಕೊಟ್ಟು ಪಾಠ ಶುರು ಮಾಡಿದ.

"ಮೊದ್ಲು ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜು. ಮೆಲ್ಲಗೆ ತಟ್ಟು. ಎಣ್ಣೆ ಬಿಡು. ಒಂದು ದಿನ ಕಾಯಿ."

"ವಲೀಭಾಯಿ, ಮೀನಿಗೆ ಈಜು ಕಲಿಸ್ತೀಯಾ?" ಎಂದು ಬ್ರಷ್ ಅಲ್ಲೇ ಬಿಟ್ಟು ಬಂದೆ.

ಬುಧವಾರ ಎಣ್ಣೆ ಬಿಟ್ಟೆ. ನಟ್ಟು ಕದಲಲಿಲ್ಲ. ಗುರುವಾರ ಇನ್ನಷ್ಟು ಬಿಟ್ಟೆ. ಅದೂ ಸಾಲದೆ ಸೀಮೆಎಣ್ಣೆ, ಡೀಸೆಲ್ ಎರಡನ್ನೂ ಬೆರೆಸಿ ಅಭಿಷೇಕ ಮಾಡಿದೆ. ದೇವರಾಗಿದ್ದರೆ ಅಷ್ಟೊತ್ತಿಗೆ ಒಲಿದು ವರ ಕೊಡುತ್ತಿದ್ದ. ಮನೆಯ ತುಂಬ ಪೆಟ್ರೋಲ್ ಬಂಕಿನ ವಾಸನೆ.

"ಸಜ್ಜೆ ರೊಟ್ಲಾ ತಿಂದ್ರೆ ಲಾರಿ ತಿಂದ ಹಾಗಿದೆ," ಎಂದಳು ಜಸು.

"ಸಾಧನೆ ಮಾಡೋವಾಗ ನಾಲಿಗೆ ಚಪಲ ಬಿಡಬೇಕು ಕಣೆ."

ಎಣ್ಣೆ ನಟ್ಟಿನೊಳಗೆ ಇಳಿಯಿತೋ ಇಲ್ಲವೋ, ಸರಳಿನ ಮೇಲಂತೂ ಚೆನ್ನಾಗಿ ಇಳಿದು ಹಲಗೆಯ ಮೇಲೆ ಹರಡಿತ್ತು. ಶುಕ್ರವಾರ ಪಕ್ಕದ ಮನೆಯ ಲಾಭುಬೆನ್ ಭಜನೆಗೆಂದು ಹೊಸ ಸೀರೆ ಉಟ್ಟು ಬಂದವರು, ಹಲಗೆಯ ಈ ತುದಿಯಲ್ಲಿ ಕೂತು ಆ ತುದಿಯಿಂದ ನೆಲಕ್ಕೆ ಇಳಿದರು.

"ರಾಘವಭಾಯಿ, ಉಯ್ಯಾಲೆ ಇಟ್ಟಿದ್ದೀರೋ ಜಾರುಬಂಡೆ ಇಟ್ಟಿದ್ದೀರೋ?"

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ನನ್ನ ಮಾನ ಆ ನಾಲ್ಕು ನಟ್ಟುಗಳ ಕೈಯಲ್ಲಿತ್ತು. ಶನಿವಾರ ಸ್ಪ್ಯಾನರಿಗೆ ಮೊಳದುದ್ದದ ಪೈಪು ತೂರಿಸಿ, ಸ್ಟೂಲಿನ ಮೇಲೆ ನಿಂತು, ಕುಲದೇವಿಯನ್ನು ನೆನೆದು ಎಳೆದೆ. ತಿರುಗಿತು!

"ಜಸು, ತಿರುಗ್ತು! ಬಂದು ನೋಡೆ!"

ತಿರುಗಿದ್ದು ಸ್ಟೂಲು. ನಾನು ಹಲಗೆಯ ಮೇಲೆ ಬಿದ್ದೆ, ಹಲಗೆ ನನ್ನನ್ನು ಹೊತ್ತು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂದಾಗ ಎಣ್ಣೆಯ ದಯೆಯಿಂದ ಜಾರಿ ನೇರ ಅಡುಗೆಮನೆಯ ಬಾಗಿಲಲ್ಲಿ ಹೋಗಿ ಕೂತೆ.

ಜಸು ಹಿಟ್ಟಿನ ಕೈಯಲ್ಲೇ ನನ್ನನ್ನು ನೋಡಿದಳು. "ನೋಡೋಕೆ ನಾನು ಬರಬೇಕಾಗಿಲ್ಲ ಬಿಡಿ, ನೀವೇ ಬಂದ್ರಿ," ಎಂದಳು. ಆಮೇಲೆ ನಗು ನಿಂತು, "ನಾಳೆ ಬಾ ಬಂದ್ರೆ ಏನು ಹೇಳ್ಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಸೊಂಟಕ್ಕಿಂತ ಅದೇ ಹೆಚ್ಚು ನೋವಾಯಿತು.

ಭಾನುವಾರ ಬಾ ಬಂದರು. ಸೋಪಿನ ನೀರಿನಲ್ಲಿ ಮೂರು ಸಲ ತೊಳೆದ ಹಲಗೆಯ ಮೇಲೆ ಕೂತರು. ಪಾದ ನೆಲದಿಂದ ನಾಲ್ಕು ಬೆರಳು ಮೇಲೆ ತೂಗಾಡಿತು. ನಾನು ಗೋಡೆ ನೋಡುತ್ತ ನಿಂತೆ.

"ಎರಡು ಇಟ್ಟಿಗೆ, ಒಂದು ಹಲಗೆ ತಗೊಂಡು ಬಾರೇ," ಎಂದರು ಬಾ. ತಂದಿಟ್ಟಳು. ಪಾದ ಊರಿತು. "ಹಾಂ, ಈಗ ಸರಿ. ಇನ್ನು ಹೋಳಿ ಮುಗಿಸಿಯೇ ಹೋಗೋದು."

ಜಸು ತಾಯಿಯನ್ನು ತಬ್ಬಿಕೊಂಡಳು. ನಾಲ್ಕು ದಿನ, ಮೂರು ಎಣ್ಣೆ, ಒಂದು ಸೊಂಟ ಖರ್ಚಾದ ಮೇಲೆ, ಎರಡೇ ಇಟ್ಟಿಗೆಯಲ್ಲಿ ಕೆಲಸ ಮುಗಿದಿತ್ತು. ಆದರೂ ನಾನು ಸೋಲುವ ಪೈಕಿಯೇ?

"ಬಾ, ಇನ್ನೊಂದು ದಿನ ಎಣ್ಣೆಯಲ್ಲಿ ನೆನೆದಿದ್ರೆ ಆ ನಟ್ಟು ಬಿಚ್ಚಿಯೇ ಬಿಡ್ತಿದ್ದೆ," ಎಂದೆ.

ಬಾ ಮೇಲೆ ನೋಡಿದರು. "ಅದಕ್ಕೇನಾ ಈ ವಾಸನೆ? ಅಳಿಯರಾಜ, ಚಾಕು ತಗೊಂಡು ಬೋಲ್ಟಿನ ತುದಿ ಕೆರೆದು ನೋಡಪ್ಪ."

ಸ್ಟೂಲು ಹತ್ತಿ ಕೆರೆದೆ. ತುಕ್ಕು, ಬಣ್ಣ ಎಲ್ಲ ಉದುರಿದ ಮೇಲೆ ಕಂಡಿತು. ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಜಜ್ಜಿ, ಅಣಬೆಯ ಹಾಗೆ ಅಗಲ ಮಾಡಲಾಗಿತ್ತು. ನಾಲ್ಕೂ ಹಾಗೆಯೇ. ಅದನ್ನು ದಾಟಿ ನಟ್ಟು ಹೊರಬರುವುದುಂಟೇ? ಅರಬ್ಬೀ ಸಮುದ್ರಕ್ಕೆ ಎಣ್ಣೆ ತುಂಬಿ ಅದರಲ್ಲಿ ನೆನೆಹಾಕಿದರೂ ಬರುವುದಿಲ್ಲ. ಇಂಥ ಸಾವಿರಾರು ಜಜ್ಜಿದ ತುದಿಗಳನ್ನು ಹಡಗಿನಲ್ಲಿ ಕಂಡವನು, ನನ್ನ ಮನೆಯದನ್ನು ಕಂಡಿರಲಿಲ್ಲ.

"ಮಾವ ಯಾಕೆ ಹೀಗೆ ಮಾಡಿದ್ರು?" ಎಂದೆ.

ಬಾ ಉಯ್ಯಾಲೆಯನ್ನು ಮೆಲ್ಲಗೆ ತೂಗಿಕೊಂಡರು.

"ಮದುವೆ ಹಿಂದಿನ ದಿನ ಕೂತು ಜಜ್ಜಿದ್ರು. ನಾನೂ ಕೇಳ್ದೆ ಯಾಕೆ ಅಂತ. 'ಹುಡುಗ ಒಳ್ಳೆಯವನೇ ಕಣೆ. ಆದ್ರೆ ಇದ್ದದ್ದನ್ನ ಒಡೆಯೋದೇ ಅವನ ಕಸುಬು. ಮಗಳಿಗೆ ಕೂರೋಕೆ ಈ ಉಯ್ಯಾಲೆಯಾದ್ರೂ ಉಳೀಲಿ,' ಅಂದ್ರು."